ನೀಲಿ ಪಟ್ಟದ ಒಂಬತ್ತನೆಯವಳು

ನಕಾಮಿನಾತೊ ಬಂದರಿನ ಮೀನು ಮಾರುಕಟ್ಟೆಯ ಹಿಂದೆ ನುಕಾಗಾ ಚಿಜುರುವಿನ ಹೋಟೆಲಿದೆ. ಅಲ್ಲಿ ಪುಕ್ಕಟೆ ಊಟ ಬೇಕೆಂದರೆ ಒಂದೇ ದಾರಿಯಿತ್ತು. ಒಳಕೋಣೆಯ ಚಾಪೆಯ ಮೇಲೆ ಅವಳು ಅಂಗಾತ ಮಲಗುತ್ತಿದ್ದಳು. ಎರಡೂ ಭುಜ ನೆಲ ಬಿಡದಂತೆ ಮೂರು ಎಣಿಸುವವರೆಗೆ ಅವಳನ್ನು ಒತ್ತಿ ಹಿಡಿಯಬೇಕು. ಹಿಡಿದವರಿಗೆ ಅಂಕೋ ಮೀನಿನ ಸಾರು, ಅನ್ನ, ಉಪ್ಪಿನಕಾಯಿ, ಮೇಲೊಂದು ಬಟ್ಟಲು ಸಾಕೆ ಎಂಬ ಅಕ್ಕಿ ಮದ್ಯ. ಬಲೆ ಎಳೆದೆಳೆದು ತೋಳು ಗಟ್ಟಿಯಾದ ಗಂಡಸರು ಬಂದು ಒತ್ತುತ್ತಿದ್ದರು. ಎರಡು ಎನ್ನುವಷ್ಟರಲ್ಲಿ ಅವಳು ಸೊಂಟ ಎತ್ತಿ, ಪಕ್ಕಕ್ಕೆ ಹೊರಳಿ, ಎದ್ದು ಕೂತು ನಗುತ್ತಿದ್ದಳು. ನಾನು ಆ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಗಲ್ಲಾ ನೋಡಿಕೊಳ್ಳುತ್ತ ಕಳೆದ ಅಷ್ಟೂ ವರ್ಷಗಳಲ್ಲಿ ಒಬ್ಬನೂ ಹಾಗೆ ಗೆದ್ದು ಪುಕ್ಕಟೆ ಉಂಡದ್ದನ್ನು ಕಾಣಲಿಲ್ಲ.

"ಏನ್ ಇಸೊಜಾಕಿ, ಇವತ್ತೂ ದುಡ್ ಕೊಟ್ಟೇ ತಿನ್ಬೇಕಾಯ್ತಲ್ಲಪ್ಪಾ!" ಎಂದು ಅವಳು ಛೇಡಿಸುತ್ತಿದ್ದಳು. ಇಸೊಜಾಕಿ ದೋಣಿಯ ಯಜಮಾನ, ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದವನು, ಅವಳ ಅಪ್ಪ ಬದುಕಿದ್ದ ಕಾಲದಿಂದ ಅದೇ ಬೆಂಚಿನ ಮೇಲೆ ಕೂರುವವನು.

"ಇರು ಇರು, ನಿಂಗೆ ಇನ್ನೊಂದ್ ಸ್ವಲ್ಪ ವಯಸ್ಸಾಗ್ಲಿ, ಆಗ ನೋಡ್ಕೋತೀನಿ."

"ಅಷ್ಟೊತ್ತಿಗೆ ನಿನ್ ಹಲ್ಲೆಲ್ಲ ಉದುರಿರ್ತವೆ. ಬರೀ ಸಾರ್ ಕುಡ್ಕೊಂಡ್ ಹೋಗು."

ಚಿಜುರು ಸುಮ್ಮನೆ ಜಂಬ ಕೊಚ್ಚುವವಳಲ್ಲ. ಅವಳು ಒಂದು ಕಾಲದಲ್ಲಿ ನೀಲಿ ಪಟ್ಟದ ಒಂಬತ್ತನೆಯ ಚಾಂಪಿಯನ್. ನಾನು ಅವಳ ಜೊತೆಯವಳು. ನನ್ನನ್ನು ಎಲ್ಲರೂ ಮಾಮೆ ಎನ್ನುತ್ತಾರೆ, ಕಾಳು ಎಂದರ್ಥ, ಅಷ್ಟು ಕುಳ್ಳಿ. ಚಿಜುರು, ಅಕಿತಾದ ರೈತರ ಮನೆಯ ಒಬಾತಾ ಫುಮಿಯೆ ಮತ್ತು ನಾನು, ಮೂವರೂ ಒಂದೇ ವಸಂತದಲ್ಲಿ ಹೆಣ್ಣುಮಕ್ಕಳ ಕುಸ್ತಿ ಕಂಪನಿಗೆ ಸೇರಿದವರು. ಅವರಿಬ್ಬರೂ ಪರೀಕ್ಷೆ ದಾಟಿ ಅಖಾಡಕ್ಕೆ ಹತ್ತಿದರು. ನಾನು ಮತ್ತೆ ಮತ್ತೆ ಫೇಲಾಗಿ, ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಅವರ ಫೋಟೊ, ಅವರ ಮೇಲೆ ಎಸೆಯುವ ಬಣ್ಣದ ಕಾಗದದ ಸುರುಳಿ ಮಾರುವವಳಾದೆ. ನನಗೇನೂ ಬೇಜಾರಿಲ್ಲ. ಬೀಳುವವರನ್ನು ನೋಡಲೂ ಯಾರಾದರೂ ಬೇಕಲ್ಲ.

ನಮ್ಮ ಕಸುಬಿನ ಗುಟ್ಟು ಈಗ ಊರಿಗೆಲ್ಲ ಗೊತ್ತು, ಹೇಳಲು ಅಂಜಿಕೆಯಿಲ್ಲ. ಯಾರು ಯಾರನ್ನು ಎತ್ತಿ ಒಗೆಯಬೇಕು, ಯಾರು ಹಗ್ಗಕ್ಕೆ ಬಡಿದು ವಾಪಸು ಬರಬೇಕು, ಎಲ್ಲವೂ ಮೊದಲೇ ಮಾತಾಗಿರುತ್ತಿತ್ತು. ಒಗೆಯುವುದಕ್ಕಿಂತ ಬೀಳುವುದು ದೊಡ್ಡ ವಿದ್ಯೆ. ಎದುರಿನವಳು ಒಗೆದಾಗ ಸಭಾಂಗಣವೆಲ್ಲ ಅದುರುವಂತೆ ಬಿದ್ದು ಅವಳನ್ನು ದೊಡ್ಡವಳನ್ನಾಗಿ ತೋರಿಸುವುದೇ ನಮ್ಮಲ್ಲಿ ಸ್ನೇಹ. ಫುಮಿಯೆಯಷ್ಟು ಚೆನ್ನಾಗಿ ಬೀಳುವವಳು ಕಂಪನಿಯಲ್ಲೇ ಇರಲಿಲ್ಲ. ಚಿಜುರುವಿನ ಒಗೆತ ಅಷ್ಟು ಹೆಸರಾದದ್ದೇ ಫುಮಿಯೆಯ ಬೆನ್ನಿನಿಂದ.

ಆದರೆ ಪಟ್ಟದ ಪಂದ್ಯದ ಕೊನೆ ಮಾತ್ರ ಮೊದಲೇ ಮಾತಾಗುತ್ತಿರಲಿಲ್ಲ. ಕುಣಿದು ಹಾರಿ ಮುಗಿದ ಮೇಲೆ, ಒಬ್ಬಳು ಇನ್ನೊಬ್ಬಳ ತೋಳನ್ನು ಒಮ್ಮೆ ಹಿಂಡುತ್ತಿದ್ದಳು. ಅಲ್ಲಿಂದ ಆಟ ನಿಂತಿತು ಎಂದೇ ಲೆಕ್ಕ. ಒಬ್ಬಳು ಕೆಳಗೆ, ಒಬ್ಬಳು ಮೇಲೆ. ಕೆಳಗಿನವಳು ಮೂರು ಎಣಿಸುವಷ್ಟರಲ್ಲಿ ಭುಜ ಎತ್ತಿ ಬಿಡಿಸಿಕೊಂಡರೆ ಸರದಿ ಬದಲಾಗುತ್ತಿತ್ತು. ಯಾರಾದರೊಬ್ಬಳು ಏಳಲಾರದೆ ಹೋಗುವವರೆಗೂ ಹೀಗೇ. ನಾವು ಅದನ್ನು ಒತ್ತು ಎನ್ನುತ್ತಿದ್ದೆವು. ನೋಡುವವರಿಗೆ ಅದೂ ಉಳಿದದ್ದರ ಹಾಗೇ ಕಾಣುತ್ತಿತ್ತು. ನಮಗೆ ಮಾತ್ರ ಅದೊಂದೇ ನಿಜ. ಕುಡಿಯಬಾರದು, ಸಿಗರೇಟು ಸೇದಬಾರದು, ಗಂಡು ಹುಡುಗರ ಜೊತೆ ತಿರುಗಬಾರದು, ಇಪ್ಪತ್ತೈದು ತುಂಬಿದರೆ ಗಂಟುಮೂಟೆ ಕಟ್ಟಬೇಕು. ಇಷ್ಟೆಲ್ಲ ಕಟ್ಟಳೆ ಹೇರಿದ ಕಂಪನಿ ನಮಗೆ ಬಿಟ್ಟುಕೊಟ್ಟ ಒಂದೇ ಸ್ವಂತ ಆಸ್ತಿ ಆ ಒತ್ತು.

ನೀಲಿ ಪಟ್ಟದ ಪೂರ್ತಿ ಹೆಸರು ಪೂರ್ವ ಸಮುದ್ರ ಚಾಂಪಿಯನ್‌ಷಿಪ್. ನೀಲಿ ಚರ್ಮದ ಬೆಲ್ಟು, ಹಿತ್ತಾಳೆಯ ಫಲಕ, ಫಲಕದ ಮೇಲೆ ಅಲೆಗಳು. ಮೊದಲು ಕಟ್ಟಿಕೊಂಡವಳು ಇಗಾರಾಶಿ ಎಂಬ ಈಜುಗಾರ್ತಿ. ಎರಡನೆಯವಳು ಕೊರಳಮೂಳೆ ಮುರಿದುಕೊಂಡು ಆಸ್ಪತ್ರೆಯ ಮಂಚದಿಂದಲೇ ಬೆಲ್ಟು ಒಪ್ಪಿಸಿದಳು. ಮೂರನೆಯವಳು ಅದನ್ನು ಎಷ್ಟು ದಿನ ಬಿಡಲಿಲ್ಲವೆಂದರೆ ಜನಕ್ಕೇ ಬೇಸರ ಬಂತು. ನಾಲ್ಕನೆಯವಳು ಬಸ್ಸಿನ ಡ್ರೈವರ್ ಜೊತೆ ಓಡಿಹೋದಳು, ಬೆಲ್ಟಿನ ಸಮೇತ. ಆಫೀಸಿನವರು ಹುಡುಕಿಕೊಂಡು ನೀಗಾತಾದ ಡ್ರೈವರನ ತಾಯಿಯ ಮನೆಗೆ ಹೋದರೆ, ಮೂಲಂಗಿ ಒಣಹಾಕಿದ ಹಗ್ಗದಲ್ಲೇ ಪಟ್ಟವೂ ನೇತಾಡುತ್ತಿತ್ತಂತೆ. ಐದನೆಯವಳು ಹವಾಯಿಯವಳು, ಗೆದ್ದು ಊರಿಗೆ ಒಯ್ದವಳು ವಾಪಸು ಕೊಡಲು ಒಪ್ಪಲಿಲ್ಲ. "ಈಗ ಪಟ್ಟದ ಪಂದ್ಯಗಳು ಹವಾಯಿಯಲ್ಲಿ ನಡೆಯುತ್ತಿವೆ" ಎಂದು ನಮ್ಮ ಅಧ್ಯಕ್ಷ ಕುಸಾಕಾ ಪತ್ರಿಕೆಯವರ ಮುಂದೆ ಕಣ್ಣು ಮಿಟುಕಿಸದೆ ಹೇಳಿದ. ಹೊಸ ಬೆಲ್ಟು ಕಟ್ಟಿಕೊಂಡ ಆರನೆಯವಳು, ಏಳನೆಯವಳು ಅಕ್ಕತಂಗಿಯರು. ಎಂಟನೆಯವಳು ನಮ್ಮ ಫುಮಿಯೆ. ನಮ್ಮಲ್ಲಿ ರಾಜವಂಶದ ಹಾಗೆ ತಲೆಮಾರು ಎಣಿಸುತ್ತಾರೆ. ಹೆಸರು ಮರೆತರೂ ಎಷ್ಟನೆಯವಳು ಎಂಬುದನ್ನು ಯಾರೂ ಮರೆಯುವುದಿಲ್ಲ.

ಇಪ್ಪತ್ತೈದು ತುಂಬುವ ಹಿಂದಿನ ಚಳಿಗಾಲದಲ್ಲಿ ಚಿಜುರುವಿಗೆ ನೀಲಿ ಪಟ್ಟಕ್ಕೆ ಫುಮಿಯೆಯ ಮೇಲೆ ಪಂದ್ಯ ಸಿಕ್ಕಿತು. ಮಿತೊ ಊರಿನಲ್ಲಿ, ಅಂದರೆ ಅವಳ ಮನೆಬಾಗಿಲಿನಲ್ಲೇ. ಅವಳ ಅಪ್ಪ ಒಣಮೀನಿನ ವ್ಯಾಪಾರಿ, ಕಡಿಮೆ ಮಾತಿನ ಮನುಷ್ಯ. "ಅದೆಲ್ಲ ನಾಟಕ, ಅದಕ್ಕೆ ಯಾಕೆ ಮಂಡಿ ಮುರ್ಕೋತೀಯ" ಎಂದು ಮಗಳನ್ನು ಮೊದಲಿಂದಲೂ ಹಂಗಿಸುತ್ತಿದ್ದವನು. ಕಂಪನಿಯ ಗುಟ್ಟನ್ನು ಹೆತ್ತವರಿಗೂ ಹೇಳಬಾರದೆಂಬ ಕಟ್ಟಳೆ ಮುರಿದು ಚಿಜುರು ಅವನೊಬ್ಬನಿಗೆ ಹೇಳಿದಳು. "ಅಪ್ಪಾ, ಮಿಕ್ಕಿದ್ದೆಲ್ಲ ನಾಟಕಾನೇ. ಕೊನೇದು ಮಾತ್ರ ನಾಟಕ ಅಲ್ಲ. ಅದೊಂದನ್ನ ಬಂದು ನೋಡು." ಅವನು ಕೋಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ.

ಕಂಪನಿಯ ಅಧಿಕಾರಿ ಪಟ್ಟದ ಪಂದ್ಯದ ಪ್ರಮಾಣಪತ್ರ ಓದಿದ. ಫುಮಿಯೆ ಬೆಲ್ಟು ಬಿಚ್ಚಿ ಅವನ ಕೈಗಿಟ್ಟಳು. ನಾನು ಮಾರಿದ ನೀಲಿ ಸುರುಳಿಗಳೆಲ್ಲ ಹಾರಿ ಅಖಾಡದ ತುಂಬ ಬಿದ್ದವು. ಆಟ ಮುಗಿದು ಒತ್ತು ಶುರುವಾದಾಗ ನಾನು ಮೇಜು ಬಿಟ್ಟು ಒಳಗೆ ಓಡಿದೆ. ಫುಮಿಯೆ ಒತ್ತಿದಳು, ಚಿಜುರು ಬಿಡಿಸಿಕೊಂಡಳು. ಚಿಜುರು ಒತ್ತಿದಳು, ಫುಮಿಯೆ ಬಿಡಿಸಿಕೊಂಡಳು. ಫುಮಿಯೆಯ ಇನ್ನೊಂದು ಒತ್ತನ್ನೂ ಬಿಡಿಸಿಕೊಂಡ ಮೇಲೆ ಮತ್ತೆ ಚಿಜುರುವಿನ ಸರದಿ ಬಂತು. ಈ ಸಲ ಫುಮಿಯೆಯ ಭುಜ ಮೇಲೇಳಲಿಲ್ಲ. ಮೂರು! ಫುಮಿಯೆ ಮುಖ ಮುಚ್ಚಿಕೊಂಡು ಅತ್ತಳು, ಚಿಜುರು ಅವಳನ್ನು ತಬ್ಬಿಕೊಂಡು ಅತ್ತಳು, ನಾನಂತೂ ಯಾರೋ ಗೊತ್ತಿಲ್ಲದ ಹೆಂಗಸಿನ ಹೆಗಲ ಮೇಲೆ ಅತ್ತೆ. "ಕಣ್ಣಾರೆ ಕಂಡೆ ಕಣೇ, ನಿಜವಾಗ್ಲೂ ಗೆದ್ದೆ" ಎಂದು ಡ್ರೆಸ್ಸಿಂಗ್ ಕೋಣೆಯಲ್ಲಿ ಅವಳಿಗೆ ಮತ್ತೆ ಮತ್ತೆ ಹೇಳಿದೆ.

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಆ ಹುಡುಗಿ ಎಡಗೈ ಯಾಕೆ ಸುಮ್ನಿತ್ತು ಕೊನೇಲಿ?" ಎಂದಷ್ಟೇ ಕೇಳಿದ.

"ದಣಿದಿದ್ಲಪ್ಪಾ."

"ಹೂಂ. ದಣಿದಿರ್ಬೋದು."

ಮಾರನೆಯ ದಿನ ಅವನು ಮಾರುಕಟ್ಟೆಯಲ್ಲೆಲ್ಲ ಮಗಳು ನಿಜವಾಗಿ ಗೆದ್ದಳೆಂದು ಹೇಳಿಕೊಂಡು ತಿರುಗಿದ. ವಸಂತಕ್ಕೆ ಚಿಜುರು ಪಟ್ಟವನ್ನು ಸೋಲದೆ ಹಿಂದಿರುಗಿಸಿ, ಹಾಳಾದ ಮಂಡಿಯನ್ನು ಎಳೆದುಕೊಂಡು ಊರಿಗೆ ಬಂದು ಹೋಟೆಲು ತೆರೆದಳು. ಖಾಲಿ ಪಟ್ಟಕ್ಕೆ ಪಂದ್ಯಾವಳಿ ನಡೆದು ವಯಸ್ಸಿನಲ್ಲಿ ಚಿಕ್ಕವಳಾದ ಫುಮಿಯೆಯೇ ಹತ್ತನೆಯವಳಾದಳು. ಚಿಜುರುವಿಗೆ ಒಂದು ಮದುವೆಯಾಯಿತು, ನಿಲ್ಲಲಿಲ್ಲ. ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು, ಅದೂ ಅಷ್ಟಕ್ಕಷ್ಟೆ. "ಹೋಗ್ಲಿ ಬಿಡೇ, ನಾನು ಒಂದ್ ಸಲ ನಿಜವಾಗಿ ಗೆದ್ದಿದೀನಿ. ಎಷ್ಟ್ ಜನಕ್ಕೆ ಅದೂ ಇರಲ್ಲ" ಎನ್ನುತ್ತಿದ್ದಳು. ಅಪ್ಪ ತೀರಿಕೊಂಡಾಗಲೂ ಅವಳ ಸಮಾಧಾನ ಅದೇ, ಅವನು ಅದನ್ನು ಕಣ್ಣಲ್ಲಿ ನೋಡಿ ಹೋದ ಎಂದು.

ಹಳೆಯ ಕಂಪನಿ ಯಾವತ್ತೋ ಮುಳುಗಿತು, ಕುಸಾಕಾ ಕೂಡ ಸತ್ತ. ಹೋದ ವರ್ಷ ತೋಕಿಯೋದ ಹೊಸ ಹುಡುಗಿಯರ ಕಂಪನಿಯೊಂದು ನೀಲಿ ಪಟ್ಟವನ್ನು ಮತ್ತೆ ಶುರು ಮಾಡಿ, ಬದುಕಿರುವ ಹಳೆಯ ಚಾಂಪಿಯನ್ನರನ್ನೆಲ್ಲ ಒಂದು ಭಾನುವಾರ ಮಧ್ಯಾಹ್ನ ಅಖಾಡಕ್ಕೆ ಕರೆಯಿತು. ಚಿಜುರು ಹೊಸ ಟ್ರ್ಯಾಕ್‌ಸೂಟು ಹೊಲಿಸಿಕೊಂಡಳು, ನೀಲಿ ಬಣ್ಣದ್ದು. ಮಂಡಿಗೆ ಪಟ್ಟಿ ಸುತ್ತಲು ನಾನೂ ಜೊತೆಗೆ ಹೋದೆ.

ಡ್ರೆಸ್ಸಿಂಗ್ ಕೋಣೆಯಲ್ಲಿ ಫುಮಿಯೆ ಆಗಲೇ ಬಂದು ಅಕ್ಕಿ ಬಿಸ್ಕತ್ತು ಕಡಿಯುತ್ತ ಕೂತಿದ್ದಳು. ದಪ್ಪಗಾಗಿದ್ದಳು, ಮಾತು ಮಾತ್ರ ಅದೇ.

"ಬಂದ್ಲಪ್ಪ ಮೀನ್ ಸಾರಿನ ಮಹಾರಾಣಿ! ಏನೇ ಮಾಮೆ, ನೀನಿನ್ನೂ ಬೆಳೆದೇ ಇಲ್ವಲ್ಲೇ?"

"ನೀನ್ ಬೆಳೆದಿದೀಯಲ್ಲ ಇಬ್ಬರ ಪಾಲಿಂದೂ, ಸಾಕು" ಎಂದೆ. ಮೂವರೂ ನಕ್ಕೆವು. ಅದೇ ನಾವು ಒಟ್ಟಿಗೆ ನಕ್ಕ ಕೊನೆಯ ಸಲ.

ಪಕ್ಕದಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದ ಹೊಸ ಹುಡುಗಿಯೊಬ್ಬಳು ವಿನಯದಿಂದ ಕೇಳಿದಳು. "ಅಕ್ಕಾ, ನಿಮ್ ಕಾಲದಲ್ಲಿ ಕೊನೇ ಒತ್ತು ನಿಜವಾಗ್ಲೂ ನಿಜಾನೇ ಆಗಿರ್ತಿತ್ತಂತೆ, ಹೌದಾ?"

"ಹೌದಮ್ಮಾ," ಎಂದಳು ಚಿಜುರು. "ಅದ್ರಲ್ಲಿ ಯಾರ ಕೈವಾಡಾನೂ ಇರ್ಲಿಲ್ಲ."

"ಹೆಚ್ಚುಕಮ್ಮಿ ನಿಜ ಅನ್ನೇ," ಫುಮಿಯೆ ಬಿಸ್ಕತ್ತಿನ ಚೂರು ಕೊಡವಿಕೊಂಡಳು. "ಮಿತೊದಲ್ಲಿ ನಾನ್ ನಿಂಗೆ ಬಿಟ್ಕೊಡ್ಲಿಲ್ವಾ?"

ಅವಳ ದನಿಯಲ್ಲಿ ಕಪಟವಿರಲಿಲ್ಲ. ಚಿಜುರುವಿಗೂ ಅದು ಅಂದಿನಿಂದಲೇ ಗೊತ್ತೆಂದು ಅವಳು ತಿಳಿದಿದ್ದಳಂತೆ.

"ಏನಂದೆ?"

"ಹೋಗೇ, ಗೊತ್ತಿಲ್ದೋರ ಥರ ಆಡ್ಬೇಡ. ಕುಸಾಕಾ ಕರ್ದು ಹೇಳ್ದ. ಅವಳು ವಸಂತಕ್ಕೆ ಮನೆಗ್ ಹೋಗೋಳು, ಅಪ್ಪ ಬೇರೆ ಬಂದಿದಾನೆ, ಹೋಗೋವಾಗ ಒಂದು ಉಡುಗೊರೆ ಅಂತ ಕೊಟ್ಬಿಡು ಅಂತ. ನಾನೂ ಸರಿ ಅಂದೆ. ನಿನ್ ಮೇಲೆ ಅಷ್ಟು ಪ್ರೀತಿ ಇತ್ತು ಕಣೇ."

"ಒತ್ತಲ್ಲಿ ಬಿಟ್ಯಾ? ಒತ್ತಲ್ಲಿ?"

"ಬೀಳೋದೇ ತಾನೇ ನಮ್ ಕೆಲಸ. ವರ್ಷಗಟ್ಲೆ ನಿಂಗೋಸ್ಕರ ಬಿದ್ದೆ. ಅವತ್ತೊಂದ್ ಸಲ ಹೆಚ್ಚಿಗೆ ಬಿದ್ದೆ, ಅಷ್ಟೇ."

"ಅತ್ತಿದ್ಯಲ್ಲೇ ಅವತ್ತು."

"ಅಳು ನಿಜ. ಸೋಲೋದು ಯಾರಿಗಿಷ್ಟ?"

ಚಿಜುರು ತನ್ನ ಮಂಡಿಯ ಪಟ್ಟಿಯನ್ನು ಬಿಗಿ ಮಾಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. "ಪಟ್ಟ ಮತ್ತೆ ನಿಂಗೇ ಕೊಡ್ತೀನಿ ಅಂತ ಅವನು ಯಾವಾಗ್ ಹೇಳಿದ್ದು? ಅವತ್ತೇನಾ?"

ಫುಮಿಯೆಯ ಬಾಯಿ ಜಗಿಯುವುದನ್ನು ನಿಲ್ಲಿಸಿತು. "ಅವತ್ತೇ," ಎಂದಳು.

"ಕೇಳಿದ್ಯಾ ಮಾಮೆ? ಉಡುಗೊರೆಯಂತೆ. ಬಾಡಿಗೆಗೆ ಕೊಟ್ಟು ವಾಪಸ್ ತಗೊಂಡಿದಾಳೆ." ಚಿಜುರುವಿನ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ನಾನು ಅಪ್ಪಂಗೆ ಏನ್ ಹೇಳಿದ್ದೆ ಗೊತ್ತೇನೇ ನಿಂಗೆ? ಇದೊಂದು ನಾಟಕ ಅಲ್ಲ, ಬಾ ಅಂದಿದ್ದೆ. ಸತ್ತೋನಿಗೆ ನಾನು ಸುಳ್ ಹೇಳಿದ ಹಾಗಾಯ್ತಲ್ಲೇ."

"ನಾನು ಒಳ್ಳೇದಕ್ಕೇ..."

"ಮುಚ್ಚು ಬಾಯಿ."

ನನಗೆ ಫುಮಿಯೆಯ ಜುಟ್ಟು ಹಿಡಿದು ಎಳೆಯಬೇಕೆನ್ನಿಸಿತು. ಸತ್ತ ಕುಸಾಕಾನ ಗೋರಿಗೆ ಹೋಗಿ ಉಗಿಯಬೇಕೆನ್ನಿಸಿತು. ಎಲ್ಲ ಕಡೆ ಬಿಟ್ಟುಕೊಡುವುದೇ ಪ್ರೀತಿಯಾದ ಕಸುಬಿನಲ್ಲಿ, ಬಿಟ್ಟುಕೊಡಬಾರದ ಜಾಗ ಒಂದೇ ಒಂದಿತ್ತು. ಅಲ್ಲೇ ಪ್ರೀತಿ ತೋರಿಸಲು ಹೋದಳು ಆ ಪೆದ್ದಿ. ಅಷ್ಟರಲ್ಲಿ ಹೊರಗೆ ಸಂಗೀತ ಶುರುವಾಗಿ, ನಮ್ಮನ್ನು ಕರೆದರು.

ಘೋಷಕ ತಲೆಮಾರಿನ ಲೆಕ್ಕದಲ್ಲಿ ಒಬ್ಬೊಬ್ಬರನ್ನೇ ಕೂಗಿದ. ಸುರುಳಿಗಳು ಹಾರಿದವು. "ಒಂಬತ್ತನೆಯ ಚಾಂಪಿಯನ್, ನುಕಾಗಾ ಚಿಜುರು!" ಅವಳು ಹಗ್ಗದ ಕೆಳಗೆ ನುಸುಳಿ ಹತ್ತಿದಳು. ಎಲ್ಲರಂತೆ ತಲೆ ಬಾಗಿಸಿ ಸಾಲಿನಲ್ಲಿ ನಿಲ್ಲಬೇಕಿತ್ತು. ಅವಳು ನೇರ ಅಖಾಡದ ನಡುವೆ ಹೋಗಿ ಅಂಗಾತ ಮಲಗಿದಳು.

"ಬಾರೇ ಫುಮಿಯೆ. ಒತ್ತು."

ಜನ ಗೊಳ್ಳೆಂದು ನಕ್ಕರು. ಮುದುಕಿಯರ ತಮಾಷೆ ಎಂದುಕೊಂಡರು. ಹೊಸ ರೆಫರಿಯೂ ನಗುತ್ತ ಮಂಡಿಯೂರಿ ಕೂತ. ಫುಮಿಯೆ ಸುತ್ತ ನೋಡಿ, ಬೇರೆ ದಾರಿಯಿಲ್ಲದೆ ಅವಳ ಮೇಲೆ ಅಡ್ಡ ಮಲಗಿದಳು. ಅಖಾಡದ ಮೂಲೆಯಲ್ಲಿದ್ದ ನನಗೆ ಚಿಜುರುವಿನ ಮಾತು ಕೇಳಿಸಿತು. "ಬಿಟ್ರೆ ನಿನ್ ಮುಖ ನೋಡಲ್ಲ. ಮೈಯಲ್ಲಿ ಇರೋದೆಲ್ಲ ಹಾಕಿ ಒತ್ತು."

ಒಂದು. ಫುಮಿಯೆಯ ಕಾಲ್ಬೆರಳು ನೆಲಕ್ಕೆ ಊರಿದ್ದವು. ಎರಡು. ಅವಳ ಕತ್ತಿನ ನರ ಉಬ್ಬಿತ್ತು, ಎಡಗೈ ಚಿಜುರುವಿನ ತೋಳನ್ನು ಗಟ್ಟಿಯಾಗಿ ಒತ್ತಿತ್ತು. ಇನ್ನೇನು ರೆಫರಿಯ ಕೈ ಇಳಿಯಬೇಕು, ಚಿಜುರು ಸೊಂಟ ಎತ್ತಿ ಹೊರಳಿ ಬಿಡಿಸಿಕೊಂಡಳು. ಸಭಾಂಗಣವೆಲ್ಲ ಚಪ್ಪಾಳೆ.

ಚಿಜುರು ನಗಲಿಲ್ಲ. ಏದುಸಿರು ಬಿಡುತ್ತ ಫುಮಿಯೆಯ ಮುಖವನ್ನೇ ನೋಡಿದಳು. "ಬಿಟ್ಯಾ?"

"ಇಲ್ಲ ಕಣೇ. ನನ್ ಮಗಳಾಣೆ, ಬಿಡ್ಲಿಲ್ಲ."

ಚಿಜುರು ಎದ್ದು, ಸಾಲಿಗೆ ಹೋಗದೆ, ಹಗ್ಗ ದಾಟಿ ಇಳಿದು ಬಂದಳು. ವಾಪಸು ಬರುವ ರೈಲಿನಲ್ಲಿ ನಾನು ಸಮಾಧಾನ ಹೇಳಲು ನೋಡಿದೆ. "ನಾನ್ ನೋಡ್ದೆ ಕಣೇ, ಇವತ್ತು ಅವಳು ನಿಜವಾಗಿ ಒತ್ತಿದ್ಲು. ಕಣ್ಣಾರೆ ಕಂಡೆ."

"ಮಿತೊದಲ್ಲೂ ನೀನ್ ಹೀಗೇ ಅಂದಿದ್ದೆ, ಮಾಮೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮರುದಿನ ಎಂದಿನಂತೆ ಹೋಟೆಲು ತೆರೆದೆವು. ಊಟದ ಹೊತ್ತಿಗೆ ಇಸೊಜಾಕಿ ತನ್ನ ಆಳುಗಳ ಜೊತೆ ಬಂದು ಬೆಂಚಿನ ಮೇಲೆ ಕೂತು ತೋಳು ಮಡಚಿದ. "ತೋಕಿಯೋದ ಮಹಾರಾಣಿ! ಚಾಪೆ ಹಾಸು, ಇವತ್ತು ಪುಕ್ಕಟೆ ಊಟ ಗ್ಯಾರಂಟಿ."

ಚಿಜುರು ಸೌಟು ಕೆಳಗಿಟ್ಟಳು. "ಇಸೊಜಾಕಿ, ಒಂದ್ ಮಾತು ಕೇಳ್ತೀನಿ. ನೀವೆಲ್ಲ ಇಷ್ಟು ವರ್ಷ ನಿಜವಾಗಿ ಒತ್ತುತ್ತಿದ್ರಾ?"

"ಇದೇನ್ ಪ್ರಶ್ನೆ?" ಅವನು ನಕ್ಕ. ಅವಳು ನಗಲಿಲ್ಲ. ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ನೆಲ ನೋಡಿದ.

"ಹೇಳಪ್ಪಾ."

"ಅಯ್ಯೋ, ಅದು ಆಟ ತಾನೇ ಚಿಜುರು... ನಿಮ್ಮಪ್ಪ ಕೇಳ್ಕೊಂಡಿದ್ದ. ನೀನು ಹೋಟ್ಲು ತೆಗೆದ ಹೊಸದ್ರಲ್ಲಿ."

"ಏನಂತ?"

ಇಸೊಜಾಕಿ ಅಷ್ಟು ದೊಡ್ಡ ದೇಹವನ್ನು ಎಲ್ಲಿ ಇಡಬೇಕೆಂದು ತಿಳಿಯದವನಂತೆ ಅಲುಗಾಡಿದ. "ನನ್ ಮಗಳು ಮಿತೊದ ಆ ಒಂದ್ ಗೆಲುವನ್ನೇ ನಂಬ್ಕೊಂಡು ಬಂದಿದಾಳೆ. ಅದು ಹೆಂಗ್ ಆಯ್ತೋ ನಂಗ್ ಗೊತ್ತು. ನೀವ್ಯಾರೂ ಅದನ್ನ ಅವಳಿಂದ ಕಿತ್ಕೋಬೇಡ್ರಪ್ಪಾ ಅಂದಿದ್ದ."

ಎಡಗೈ ಯಾಕೆ ಸುಮ್ಮನಿತ್ತು ಎಂದು ಆ ಮನುಷ್ಯ ಕೇಳಿದ್ದು ನನಗೆ ಆಗ ನೆನಪಾಯಿತು. ಚಿಜುರುವಿಗೂ ನೆನಪಾಗಿರಬೇಕು. ಫುಮಿಯೆ ಮಾಡಿದ್ದನ್ನೇ ಅಪ್ಪನೂ ಮಾಡಿದ್ದ, ಅದೂ ಬಂದರಿನವರನ್ನೆಲ್ಲ ಕೂಡಿಸಿಕೊಂಡು. ಅವಳು ಯಾರಿಗಾಗಿ ನೊಂದುಕೊಂಡು ಬಂದಿದ್ದಳೋ ಅವನಿಗೆ ಮೊದಲಿಂದಲೇ ಎಲ್ಲ ಗೊತ್ತಿತ್ತು.

ಚಿಜುರು ದೊಡ್ಡ ಬಟ್ಟಲು ತೆಗೆದು, ಅಂಕೋ ಮೀನಿನ ಒಳ್ಳೆಯ ತುಂಡುಗಳನ್ನೆಲ್ಲ ಆರಿಸಿ ಹಾಕಿ ಸಾರು ಬಡಿಸಿದಳು. ಅನ್ನ ಇಟ್ಟಳು. ಉಪ್ಪಿನಕಾಯಿ ಇಟ್ಟಳು. ಸಾಕೆ ಬಿಸಿ ಮಾಡಿ ಬಟ್ಟಲಿಗೆ ಅಂಚಿನವರೆಗೆ ಸುರಿದು ಅವನ ಮುಂದೆ ತಂದಿಟ್ಟಳು.

"ಉಣ್ಣು. ನೀನ್ ಗೆದ್ದೆ."

"ಚಿಜುರು, ನಾನು..."

"ಯಾವತ್ತೋ ಗೆದ್ದಿದ್ದೆ. ಬಡಿಸೋದು ತಡ ಆಯ್ತು." ಅವನ ಆಳುಗಳಿಗೂ ಅದೇ ರೀತಿ ಬಡಿಸಿದಳು. ನಂತರ ಒಳಕೋಣೆಗೆ ಹೋಗಿ ಚಾಪೆ ಸುತ್ತಿ ತಂದು, ಹಿಂಬಾಗಿಲ ಆಚೆ, ಮೀನಿನ ಖಾಲಿ ಪೆಟ್ಟಿಗೆಗಳ ಮೇಲೆ ಹಾಕಿದಳು.

ಇಸೊಜಾಕಿ ಒಂದು ತುತ್ತು ತಿಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಏಳುವಾಗ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ನನ್ನ ಗಲ್ಲಾದ ಹತ್ತಿರ ಬಂದ.

"ಅವನ್ ಹತ್ರ ದುಡ್ ತಗೋಬೇಡ ಮಾಮೆ," ಎಂದಳು ಚಿಜುರು ಒಲೆಯ ಕಡೆಯಿಂದ, ತಿರುಗಿ ನೋಡದೆ. ನಾನು ತಗೊಳ್ಳಲಿಲ್ಲ.